ಟಿಟ್ಟಿಭದ ಗೂಡು ಮತ್ತು ಬಾಣದ ಬೋರ್ಡು

ಗುಡ್ಡದ ನೆತ್ತಿಯ ಬಯಲಲ್ಲಿ ಟಿಟ್ಟಿಭ ಹಕ್ಕಿಯೊಂದು ಹರಳುಗಳ ನಡುವೆ ನಾಲ್ಕು ಮೊಟ್ಟೆ ಇಟ್ಟಿತ್ತು. ಮರುದಿನವೇ ಯಾರೋ ಬಂದು ‘ಫೋಟೋ ತೆಗೆಯಲು ಸೊಗಸಾದ ಜಾಗ’ ಎಂಬ ಬೋರ್ಡು ನೆಟ್ಟರು. ಅದರ ಬಾಣದ ಗುರುತು ನೇರ ಗೂಡಿನ ಕಡೆಗೇ ಇತ್ತು. ಕ್ಯಾಮೆರಾದವರ ಬೂಟುಗಳು ಮೊಟ್ಟೆಗೆ ಗೇಣು ದೂರದಲ್ಲಿ ಓಡಾಡತೊಡಗಿದವು. ಹಕ್ಕಿ ಅರಚಿ ಅರಚಿ ಸೋತಿತು.

“ಎಮ್ಮೆಯಕ್ಕ, ಇವರನ್ನು ಓಡಿಸು!” ಎಂದು ಅಲ್ಲೇ ಮೇಯುತ್ತಿದ್ದ ಎಮ್ಮೆಯನ್ನು ಕೂಗಿತು.

“ನನ್ನಿಂದಾಗದು ತಂಗಿ, ಕತ್ತು ತುರಿಸುತ್ತಿದೆ,” ಎಂದ ಎಮ್ಮೆ ಬೋರ್ಡಿನ ಕಂಬಕ್ಕೆ ಕತ್ತು ತಿಕ್ಕಿತು. ಬಾಣ ಎಮ್ಮೆ ದಿನಾ ಹೊರಳುವ ಕೆಸರುಹೊಂಡದತ್ತ ತಿರುಗಿತು.

ಆಮೇಲೆ ಬಂದವರೆಲ್ಲ ಅತ್ತಲೇ ನಡೆದು, “ಆಹಾ, ಎಂಥ ಜಾಗ!” ಎನ್ನುತ್ತ ಫೋಟೋ ತೆಗೆದರು.

“ನನ್ನ ಹೊಂಡದಲ್ಲಿ ಅಂಥದ್ದೇನು ನೋಡಿದರೋ!”

“ಹೊಂಡ ಯಾರು ನೋಡಿದರಕ್ಕ? ಅವರು ನೋಡಿದ್ದು ಬೋರ್ಡು,” ಎಂದ ಟಿಟ್ಟಿಭ, ಬೆಳಗಿನಿಂದ ಮೊದಲ ಸಲ ಕಾಲು ಮಡಚಿ ಮೊಟ್ಟೆಗಳ ಮೇಲೆ ಕೂತಿತು.