ಇಂಗಿನ ಹೊಗೆ ಕುಡಿದ ಕೋಕೋ

“ಗುರುಗಳೇ, ಹೆಮ್ಮೆಯನ್ನು ಬಿಡಲೇಬೇಕೇ?” ಎಂದು ಶಿಷ್ಯೆ ಕೇಳಿದಳು. “ನನಗೆ ನನ್ನ ವಿದ್ಯೆಯ ಮೇಲೆ ಹೆಮ್ಮೆಯಿದೆ. ಇಲ್ಲವೆಂದರೆ ಸುಳ್ಳಾಗುತ್ತದೆ.”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಅವಳು ಹಾಕಿದ ಉಪ್ಪಿನಕಾಯಿ ಮೂರು ವರ್ಷವಾದರೂ ಕೆಡುತ್ತಿರಲಿಲ್ಲ. ಭರಣಿಯನ್ನು ತೊಳೆದು, ಬಿಸಿಲಿಗಿಟ್ಟು, ಕೆಂಡದ ಮೇಲೆ ಇಂಗು ಉದುರಿಸಿ ಅದರ ಹೊಗೆ ಕುಡಿಸಿ, ಆಮೇಲೆ ಉಪ್ಪಿನಕಾಯಿ ತುಂಬುತ್ತಿದ್ದಳು. ಬಾಯಿಗೆ ಬಟ್ಟೆ ಬಿಗಿದ ಮೇಲೆ ಆ ಭರಣಿಯನ್ನು ಮುಟ್ಟುವ ಹಕ್ಕು ಅವಳ ಗಂಡನಿಗೂ ಇರಲಿಲ್ಲ. “ನನ್ನ ಕೈಯಲ್ಲಿಟ್ಟ ಪದಾರ್ಥ ಕೆಟ್ಟಿದ್ದೇ ಇಲ್ಲ” ಎಂದು ಅವಳು ಹೇಳುತ್ತಿದ್ದಳು. ಹೇಳುವುದು ಸ್ವಲ್ಪ ಹೆಚ್ಚೇ ಆಗಿತ್ತು. ಆದರೆ ಸುಳ್ಳಾಗಿರಲಿಲ್ಲ.

ಆ ಊರಿನ ಮಿಠಾಯಿ ವ್ಯಾಪಾರಿ ದೀಪಾವಳಿಗೆ ಕೋಕೋ ಬರ್ಫಿ ಮಾಡಿಸುತ್ತಿದ್ದ. ಹಿಂದಿನ ವರ್ಷ ಮಳೆಗಾಲದ ತೇವಕ್ಕೆ ಅವನ ಕೋಕೋ ಪುಡಿಯೆಲ್ಲ ಗಂಟುಕಟ್ಟಿ ಬೂಸಲು ಹಿಡಿದಿತ್ತು. ಈ ಸಲ ಪುಡಿಯನ್ನು ಹೊತ್ತುಕೊಂಡು ಅವಳ ಬಾಗಿಲಿಗೇ ಬಂದ.

“ಅಮ್ಮಾ, ಹಬ್ಬದವರೆಗೆ ಇದನ್ನು ನೀವೇ ಇಟ್ಟುಕೊಡಬೇಕು. ಆದರೆ ಇದನ್ನು ಇಡುವ ರೀತಿ ಸ್ವಲ್ಪ...”

“ಶೆಟ್ಟರೇ, ಮಾರುವುದು ಹೇಗೆಂದು ನಾನು ನಿಮಗೆ ಹೇಳಿಕೊಟ್ಟಿದ್ದೇನೆಯೇ? ಇಡುವುದನ್ನು ನನಗೆ ಬಿಡಿ.”

ವ್ಯಾಪಾರಿ ಬಾಯಿ ಮುಚ್ಚಿಕೊಂಡು ಹೋದ. ಅವಳು ಒಂದು ಹೊಸ ಭರಣಿ ತೆಗೆದಳು. ತೊಳೆದಳು, ಒಣಗಿಸಿದಳು. ಪರರ ಪದಾರ್ಥವೆಂದು ಇಂಗನ್ನು ಒಂದು ಚಿಟಿಕೆ ಹೆಚ್ಚಾಗಿಯೇ ಕೆಂಡಕ್ಕೆ ಹಾಕಿ ಹೊಗೆ ಕುಡಿಸಿದಳು. ಪುಡಿ ತುಂಬಿ ಬಾಯಿ ಬಿಗಿದಳು.

ಹಬ್ಬ ಹತ್ತಿರ ಬಂತು. ಅಂಗಡಿಯಲ್ಲಿ ಹತ್ತು ಜನರೆದುರು ಅವಳೇ ಭರಣಿ ಬಿಚ್ಚಿದಳು. ಪುಡಿ ಹಿಟ್ಟಿನಂತೆ ಸುರಿಯಿತು. ಒಂದು ಗಂಟಿಲ್ಲ, ಬೂಸಲಿಲ್ಲ. ವ್ಯಾಪಾರಿ ಕೈಮುಗಿದ. ಅಂಗಡಿಯ ತುಂಬ ತುಪ್ಪದ ಘಮವಿದ್ದುದರಿಂದ ಯಾರ ಮೂಗಿಗೂ ಬೇರೇನೂ ತಿಳಿಯಲಿಲ್ಲ.

ಬರ್ಫಿಯಾಯಿತು. ಬಾಯಿಗಿಟ್ಟವರು ಒಬ್ಬರ ಮುಖ ಒಬ್ಬರು ನೋಡಿದರು.

“ಇದಕ್ಕೆ ಒಗ್ಗರಣೆ ಹಾಕಿದವರು ಯಾರು?” ಎಂದ ಒಬ್ಬ.

ಎಲ್ಲರೂ ನಕ್ಕರು. ವ್ಯಾಪಾರಿ ನಗಲಿಲ್ಲ. ಅವಳ ಇಷ್ಟು ವರ್ಷದ ಹೆಸರು ಒಂದು ತುತ್ತಿನಲ್ಲಿ ಹೋಗುವುದನ್ನು ಅವನು ಕಂಡ. ಮೆಲ್ಲಗೆ, “ಪುಡಿಯೇ ಈ ಸಲ ಹಾಗೆ ಬಂದಿತ್ತೋ ಏನೋ” ಎಂದ. ಇದ್ದರೂ ಇರಬಹುದು ಎಂದು ಉಳಿದವರು ತಲೆಯಾಡಿಸಿದರು.

ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಸರು ಉಳಿಯುತ್ತಿತ್ತು. ಅವಳು ಬಗ್ಗಿ ಖಾಲಿ ಭರಣಿಯೊಳಗೆ ಮೂಸಿ ನೋಡಿದಳು. ಮತ್ತೆ ನೆಟ್ಟಗೆ ನಿಂತಳು.

“ಪುಡಿ ಚೆನ್ನಾಗಿತ್ತು. ಇಂಗಿನ ಹೊಗೆ ಹಾಕಿದವಳು ನಾನು. ಉಪ್ಪಿನಕಾಯಿ ಕೆಡದೆ ಉಳಿದಾಗಲೆಲ್ಲ ನನ್ನ ಕೈ, ನನ್ನ ಕೈ ಎಂದೆ. ಇದೂ ಅದೇ ಕೈಯ ಕೆಲಸ. ಇದನ್ನು ಪುಡಿಯ ತಲೆಗೆ ಕಟ್ಟಬೇಡಿ.”

ಆಮೇಲೆ ವ್ಯಾಪಾರಿಯ ಕಡೆಗೆ ತಿರುಗಿದಳು.

“ಈಗ ಹೇಳಿ ಶೆಟ್ಟರೇ” ಎಂದಳು. “ಇದನ್ನು ಇಡುವುದು ಹೇಗೆ?”

ವ್ಯಾಪಾರಿ ಹೇಳಿದ. ಕೋಕೋ ಪಕ್ಕದಲ್ಲಿದ್ದುದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲದ, ಬಿಗಿ ಮುಚ್ಚಳದ ಡಬ್ಬಿ ಬೇಕು. ಒಲೆಯ ಹಬೆ ತಾಗಬಾರದು, ಮಸಾಲೆ ಪಕ್ಕದಲ್ಲಿರಬಾರದು, ಒದ್ದೆ ಚಮಚ ಇಳಿಯಬಾರದು. ಅವಳು ಎರಡು ಸಲ ಕೇಳಿಸಿಕೊಂಡಳು.

ಮರುವರ್ಷ ಪುಡಿಯನ್ನು ಅವಳೇ ಕೇಳಿ ತರಿಸಿಕೊಂಡಳು. ಅಡುಗೆಮನೆಯನ್ನು ಬಿಟ್ಟು, ಕರ್ಪೂರದ ವಾಸನೆಯ ಬಟ್ಟೆಯ ಕಪಾಟನ್ನೂ ಬಿಟ್ಟು, ನಡುಮನೆಯ ತಣ್ಣನೆಯ ಗೂಡಿನಲ್ಲಿ ಡಬ್ಬಿ ಇಟ್ಟಳು. ಹಬ್ಬಕ್ಕೆ ಅದನ್ನು ಹೊತ್ತು ಬೀದಿಯ ನಡುವೆಯೇ ನಡೆದು ಬಂದಳು. ತಲೆ ಹಿಂದಿನಷ್ಟೇ ಮೇಲಿತ್ತು.

“ಏನಮ್ಮಾ, ಈ ಸಲ ಕರಿಬೇವೂ ಹಾಕಿದ್ದೀರೋ?” ಎಂದು, ಹಿಂದೆ ಒಗ್ಗರಣೆಯ ಮಾತಾಡಿದ್ದ ಅದೇ ಮನುಷ್ಯ ಕೆಣಕಿದ.

“ಮೊದಲು ಮೂಸಿ ನೋಡು. ಬಾಯಿ ಆಮೇಲೆ ತೆಗಿ.”

ಅವನು ಮೂಸಿ ನೋಡಿದ. ಆಮೇಲೆ ಬಾಯಿ ತೆಗೆದದ್ದು ಬರ್ಫಿ ತಿನ್ನುವುದಕ್ಕೆ ಮಾತ್ರ.

ಕತೆ ಮುಗಿಯಿತು. ಶಿಷ್ಯೆಯ ಮುಖ ಅರಳಿತು.

“ಹಾಗಾದರೆ ಹೆಮ್ಮೆಯಿದ್ದರೆ ತಪ್ಪಿಲ್ಲ, ಗುರುಗಳೇ” ಎಂದಳು.

ಗುರುಗಳು ಕೇಳಿದರು: “ನಿನ್ನ ಹೆಮ್ಮೆ ಇದುವರೆಗೆ ನಿನ್ನಿಂದ ಎಷ್ಟು ತಪ್ಪು ಒಪ್ಪಿಸಿದೆ?”