ಎಮ್ಮೆಯ ಬಾಲ ಹಿಡಿದ ದೊರೆ

ಹೆಗ್ಗೆರೆ ಅಂತ ಒಂದು ಸೀಮೆ. ಅಲ್ಲೊಬ್ಬ ದೊರೆ, ಹೆಸರು ಬೋಳನಾಯಕ. ಮನಸ್ಸು ಬೆಣ್ಣೆ, ಮೈಯೂ ಬೆಣ್ಣೆ ತಿಂದೇ ಬೆಳೆದದ್ದು. ನಗಬೇಡಿ ಮಕ್ಕಳೇ, ನಾಲ್ಕು ಹೆಜ್ಜೆಗೆ ಮಂಡಿ ಹಿಡಿದು ಕೂರುವ ಕಷ್ಟ ಅವನಿಗೇ ಗೊತ್ತು.

ಆ ಸೀಮೆಯಲ್ಲೊಂದು ಕಟ್ಟಳೆ. ಕೆರೆ ತುಂಬಿದ ವರ್ಷ, ಶಿವರಾತ್ರಿ ಕಳೆದ ಮಾರನೆಯ ದಿನ, ದೊರೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ತೂಬು ಎತ್ತಬೇಕು. ನಡುವೆ ಕೂತನೋ, ಪಟ್ಟ ಹೋಯಿತು. ಬೋಳನಾಯಕನ ಕಾಲದಲ್ಲಿ ಮೊದಲ ಸಲ, ಆ ವರ್ಷ ದಸರೆಗೇ ಕೆರೆ ತುಂಬಿತು.

ಪಟ್ಟದ ಮೇಲೆ ಕಣ್ಣಿಟ್ಟವನು ರಾಣಿಯ ತಮ್ಮ ಮಲ್ಲರಸ. ಆಳು ಬಿದಿರುಕಡ್ಡಿ, ಆದರೆ ಬಚ್ಚಲಿಗೆ ಹೋಗಲೂ ಪಲ್ಲಕ್ಕಿ ಬೇಕು. "ಭಾವ, ಮೈ ದಂಡಿಸಬೇಕು" ಎಂದು ಒಬ್ಬ ಪೈಲ್ವಾನನನ್ನು ಕಳಿಸಿದ. ಮೊದಲ ವಾರ ಅವನು ಓಡಿಸಿದ, ಮಂಡಿ ಊದಿತು. ಎರಡನೇ ವಾರ ಬಸ್ಕಿ ಹೊಡೆಸಿದ, ಸೊಂಟ ಹಿಡಿಯಿತು. ಮೂರನೇ ವಾರ ಗುಂಡುಕಲ್ಲು ಎತ್ತಿಸಿದ, ದೊರೆ ಹಾಸಿಗೆ ಹಿಡಿದ. ಮಲ್ಲರಸ ಮೀಸೆ ತಿರುವಿದ.

ಹಾಸಿಗೆ ಬಿಟ್ಟೆದ್ದ ದೊರೆ ಒಂದು ಬೆಳಗ್ಗೆ ಕೆರೆದಂಡೆಯಲ್ಲಿ ಕೂತು ಅತ್ತ. ಎಮ್ಮೆ ಮೀಯಿಸಲು ಬಂದ ಮುದುಕಿ ಚಿಕ್ಕತಾಯಮ್ಮ ನೋಡಿದಳು.

"ಅಳಬ್ಯಾಡಿ ಬುದ್ಧೀ. ನಮ್ಮ ಎಮ್ಮೆ ನಿಮಗಿಂತ ದಪ್ಪ. ದಂಡೆ ಮೇಲೆ ಏದುಸಿರು ಬಿಡ್ತದೆ, ನೀರಿಗಿಳಿದ್ರೆ ಹಗುರ. ಬಾಲ ಹಿಡ್ಕೊಳಿ, ಸುಮ್ನೆ ನಡೀರಿ."

ಮೊದಲ ತಿಂಗಳು ಎದೆಮಟ್ಟದ ನೀರು. ಮೈಭಾರವನ್ನು ನೀರೇ ಹೊತ್ತಿತು, ಮಂಡಿ ತಕರಾರು ಮಾಡಲಿಲ್ಲ. ಎರಡನೇ ತಿಂಗಳು ಸೊಂಟಮಟ್ಟ. ಮೂರನೇ ತಿಂಗಳು ಮೊಣಕಾಲುಮಟ್ಟ. ದೊರೆ ಅವಸರ ಮಾಡಿದರೆ ಮುದುಕಿ ಗದರುತ್ತಿದ್ದಳು: "ಮಾತಾಡೋಕೆ ಉಸಿರು ಸಾಲ್ದಾ? ನಿಧಾನ ಬುದ್ಧೀ. ಎಮ್ಮೆಗಿಂತ ಮುಂದೆ ಹೋಗ್ಬ್ಯಾಡಿ."

ಶಿವರಾತ್ರಿ ಕಳೆಯಿತು. ಏರಿಯ ಮೇಲೆ ಊರೇ ನೆರೆಯಿತು. ದೊರೆಯ ಹೊಟ್ಟೆ ಒಂದಿಷ್ಟು ಕರಗಿತ್ತು, ಬಹಳವೇನಲ್ಲ. ಅದನ್ನು ನೋಡಿ ಮಲ್ಲರಸ ನಕ್ಕ.

"ದಾಟಿದ್ರೆ ಏನ್ ಮಾಡ್ತೀರಿ ಸ್ವಾಮಿ?" ಚಿಕ್ಕತಾಯಮ್ಮ ಎಲ್ಲರೆದುರು ಅವನನ್ನು ಕೇಳಿದಳು.

"ಭಾವನ ಕಾಲಿನ ಜೋಡು ತಲೆ ಮೇಲಿಟ್ಕೊಂಡು ಇದೇ ಏರಿ ಮೇಲೆ ನಡೀತೀನಿ! ನಡುವೆ ಕೂತ್ರೆ ಈ ಸೀಮೇನೇ ಬಿಡ್ತೀನಿ!"

ದೊರೆ ಬರಿಗಾಲಲ್ಲಿ ಹೊರಟ. ಕೆಳಗೆ ನೀರಂಚಿನಲ್ಲಿ ಮುದುಕಿ ಎಮ್ಮೆ ಹೊಡೆದುಕೊಂಡು ಜೊತೆಗೆ ಹೊರಟಳು. ಕಾಲುಭಾಗದಲ್ಲಿ ಮಲ್ಲರಸ ಮಣೆ ಹಾಕಿಸಿದ್ದ. "ಕೂತ್ಕೊಳಿ ಭಾವ." "ಎಮ್ಮೆ ಇನ್ನೂ ನಿಂತಿಲ್ಲಪ್ಪ" ಎಂದ ದೊರೆ. ಅರ್ಧದಲ್ಲಿ ಮೆತ್ತೆ ಹಾಸಿಸಿದ್ದ. "ಎಮ್ಮೆ ಇನ್ನೂ ನಿಂತಿಲ್ಲಪ್ಪ." ಮುಕ್ಕಾಲಿನಲ್ಲಿ ಪಲ್ಲಕ್ಕಿಯನ್ನೇ ಇಳಿಸಿದ್ದ. ದೊರೆ ಬೆವರು ಒರೆಸಿಕೊಂಡು, ಪಲ್ಲಕ್ಕಿಯ ಪಕ್ಕದಿಂದ ಹಾದು ನಡೆದ. ತೂಬು ಎತ್ತಿಯೇ ಎತ್ತಿದ. ನೀರು ಭೋರೆಂದು ಗದ್ದೆಗೆ ನುಗ್ಗಿತು. ಜನ ಕುಣಿದರು, ದೊರೆ ಮಗುವಿನಂತೆ ನಕ್ಕ.

ಈಗ ಮಲ್ಲರಸನ ಸರದಿ. ತಲೆಯ ಮೇಲೆ ಜೋಡು ಹೊತ್ತು, ದೊರೆ ಹೊರಟ ತುದಿಯಿಂದಲೇ ಹೊರಟ. ಎಂದೂ ನಡೆಯದ ಕಾಲು, ಕಾಲುಭಾಗಕ್ಕೇ ಗಡಗಡ ನಡುಗಿತು. ದೊರೆಗೆಂದು ತಾನೇ ಹಾಕಿಸಿದ ಮಣೆಯ ಮೇಲೆ ಕುಕ್ಕರಿಸಿದ. ಆವತ್ತೇ ಸೀಮೆ ಬಿಟ್ಟ, ನಡೆದುಕೊಂಡೇ.

ಇಷ್ಟೇ ಮಕ್ಕಳೇ ನೀತಿ: ಮೈ ಎಷ್ಟೇ ಭಾರವಿರಲಿ, ದಿನಾ ಹಿತವಾಗಿ ನಡೆದವನು ದಡ ಸೇರುತ್ತಾನೆ, ಇನ್ನೊಬ್ಬ ಕೂರಲೆಂದು ಮಣೆ ಹಾಕಿದವನು ತಾನೇ ಕೂರುತ್ತಾನೆ.