ಬಲಗಡೆಯ ಹೂ

"ಏನೂ ಇಲ್ಲ ಹೋಗು ಅಂತ ಒಂದೇ ಒಂದು ಮಾತು ಹೇಳಿಬಿಡಿ ಗುರುಗಳೇ. ಅಷ್ಟು ಹೇಳೋಕಾಗಲ್ವಾ ನಿಮಗೆ?"

ಹೀಗೆ ಕೇಳಿದವಳು ಸರ್ವಮಂಗಳಾ. ಅವಳು ಊರಿನಲ್ಲಿ ರವಿಕೆ ಹೊಲಿದುಕೊಡುವವಳು. ಹನ್ನೆರಡು ವರ್ಷದಿಂದ ಗುರುವಾರ ತಪ್ಪದೆ ಆಶ್ರಮಕ್ಕೆ ಬರುತ್ತಿದ್ದಳು. ಇಷ್ಟು ವರ್ಷ ಕೇಳಿದ್ದೆಲ್ಲ ಕರ್ಮ, ಮೋಕ್ಷ, ಮನಸ್ಸಿನ ಚಂಚಲತೆ. ತನ್ನದೇ ಒಂದು ಸಂಗತಿಯನ್ನು ಗುರುಗಳ ಮುಂದಿಟ್ಟದ್ದು ಇದೇ ಮೊದಲು.

ಸಂಗತಿ ಇಷ್ಟು. ನಾಲ್ಕು ತಿಂಗಳಿನಿಂದ ಅವಳಿಗೆ ಮುಟ್ಟು ಬಂದರೆ ನಿಲ್ಲುತ್ತಿರಲಿಲ್ಲ. ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಗರ್ಭಕೋಶದಲ್ಲಿ ಗಡ್ಡೆ ಇರಬಹುದು. ಸ್ಕ್ಯಾನಿಂಗ್ ಆಗಲಿ, ಆಮೇಲೆ ಹೇಳೋಣ" ಎಂದಿದ್ದರು. ಸ್ಕ್ಯಾನಿಂಗಿಗೆ ಮುಂದಿನ ಬುಧವಾರ ಪಟ್ಟಣದ ಆಸ್ಪತ್ರೆಗೆ ಹೋಗಬೇಕಿತ್ತು. ಇನ್ನೂ ಆರು ದಿನ. ಇರಬಹುದು ಎಂಬ ಆ ಮಾತನ್ನು ಹೊತ್ತುಕೊಂಡೇ ಅವಳು ಅಡುಗೆ ಮಾಡುತ್ತಿದ್ದಳು, ಬಟ್ಟೆ ಕತ್ತರಿಸುತ್ತಿದ್ದಳು. ಎರಡು ರವಿಕೆ ಅಳತೆ ತಪ್ಪಿ ಹಾಳಾಗಿದ್ದವು.

ಗಂಡ, "ಏನೂ ಆಗಿರಲ್ಲ ಬಿಡು" ಎಂದು ಡ್ಯೂಟಿಗೆ ಹೋದ. ಅತ್ತೆಯೂ ಅದನ್ನೇ ಹೇಳಿದಳು. ಪಕ್ಕದ ಮನೆಯವಳು ಅದನ್ನೇ ಹೇಳಿ, ಅದೇ ಉಸಿರಿನಲ್ಲಿ ತನ್ನ ನಾದಿನಿಗೆ ಏನೇನಾಯಿತು ಎಂಬುದನ್ನೆಲ್ಲ ವರ್ಣಿಸಿದಳು. ಸಮಾಧಾನ ಹೇಳುವುದರಲ್ಲಿ ನಮ್ಮ ಜನ ಯಾರಿಗೂ ಕಡಿಮೆಯಿಲ್ಲ. ಸರ್ವಮಂಗಳಾಳಿಗೆ ಮಾತ್ರ ಒಂದೂ ತಾಗಲಿಲ್ಲ. ಗುರುಗಳ ಬಾಯಿಂದ ಬಂದರೆ ತಾಗೀತು ಎಂದು ಬಂದಿದ್ದಳು.

"ನೀವು ಹೇಳಿಬಿಟ್ಟರೆ ಬುಧವಾರ ಹೋಗೋದೇ ಬೇಡ ನಾನು" ಎಂದಳು. "ಒಬ್ಬಳೇ ಆ ಬೆಂಚಿನ ಮೇಲೆ ಕೂತು, ಯಾವಾಗ ಹೆಸರು ಕೂಗ್ತಾರೋ ಅಂತ ಕಾಯೋದು ನೆನೆಸಿಕೊಂಡರೇ ಕೈಕಾಲು ಬಿದ್ದುಹೋಗ್ತವೆ."

ಗುರುಗಳಿಗೆ ಎಪ್ಪತ್ತೈದು ದಾಟಿತ್ತು. ಮೊಣಕಾಲಿನ ನೋವು, ಎರಡು ವರ್ಷದಿಂದ ಆಶ್ರಮದ ಮೆಟ್ಟಿಲಿಳಿದು ಆಚೆ ಹೋದವರಲ್ಲ. ಅವರದೊಂದು ಪದ್ಧತಿಯಿತ್ತು. ಅವರು ಹೂ ಮುಟ್ಟುತ್ತಿರಲಿಲ್ಲ. ಯಾರಾದರೂ ಹಾರ ತಂದರೆ ಕೈಮುಗಿದು ಪಕ್ಕಕ್ಕಿಡಿಸುವರು. ದೇವರ ಪೂಜೆಯನ್ನೂ ಶಿಷ್ಯರೇ ಮಾಡುವರು. ಅದೇನೋ ವ್ರತವಿರಬೇಕು ಎಂದುಕೊಂಡು ಯಾರೂ ಕೇಳಲು ಹೋಗಿರಲಿಲ್ಲ. ಅಂದು ಸರ್ವಮಂಗಳಾ ತಂದಿದ್ದ ಮಲ್ಲಿಗೆಯ ದಂಡೆಯೂ ಅವರ ಪಕ್ಕದಲ್ಲಿ ಬಾಳೆಲೆಯ ಮೇಲೆ ಹಾಗೆಯೇ ಇತ್ತು.

ಗುರುಗಳು ಆಗಲಿ ಎನ್ನಲಿಲ್ಲ, ಆಗದು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಂದು ದೇವಿಯ ಗುಡಿ. ಆ ಗುಡಿಗೊಬ್ಬ ಪೂಜಾರಿ. ದೇವಿ ಹೂ ಕೊಟ್ಟು ಉತ್ತರ ಹೇಳುತ್ತಾಳೆಂದು ಸುತ್ತಲಿನ ಜನಕ್ಕೆ ನಂಬಿಕೆ. ಪೂಜಾರಿ ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ, ದೇವಿಯ ಬಲಭುಜಕ್ಕೊಂದು, ಎಡಭುಜಕ್ಕೊಂದು ಅಂಟಿಸುವನು. ಬಲಗಡೆಯದು ಮೊದಲು ಬಿದ್ದರೆ ಶುಭ, ಎಡಗಡೆಯದು ಬಿದ್ದರೆ ಅಶುಭ. ಮಗಳ ಮದುವೆಯಿಂದ ಹಿಡಿದು ಕಳೆದುಹೋದ ಎಮ್ಮೆಯವರೆಗೆ ಎಲ್ಲಕ್ಕೂ ಅದೇ ತೀರ್ಪು.

ಗುಡಿಗೆ ದಿನಾ ಹೂ ತರುತ್ತಿದ್ದವಳು ಒಬ್ಬ ಹೂ ಕಟ್ಟುವವಳು. ಮದುವೆಯಾಗಿ ಏಳು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಊರವರೆಲ್ಲ ಕೇಳುವುದಕ್ಕೆ ಹೂ ತಂದುಕೊಟ್ಟವಳು ತನಗಾಗಿ ಒಂದು ಸಲವೂ ಕೇಳಿದವಳಲ್ಲ.

ಒಂದು ದಿನ ಬುಟ್ಟಿ ಇಳಿಸಿ ಅಲ್ಲೇ ನಿಂತಳು. ಹೊಟ್ಟೆಯಲ್ಲಿ ಏನೋ ಗಟ್ಟಿಯಾಗಿ ಕೈಗೆ ಸಿಗುತ್ತಿದೆ, ರಕ್ತ ನಿಲ್ಲುತ್ತಿಲ್ಲ, ಪಟ್ಟಣದ ಆಸ್ಪತ್ರೆಗೆ ಹೋಗಿ ತೋರಿಸು ಎಂದು ನರ್ಸಮ್ಮ ಹೇಳಿದ್ದಾಳೆ ಎಂದಳು. ಗಂಡ ಲಾರಿಯ ಮೇಲೆ ಹೋದವನು, ಹದಿನೈದು ದಿನ ಬರುವಂತಿರಲಿಲ್ಲ.

"ಸ್ವಾಮಿ, ಒಬ್ಳೇ ಹೋಗಾಕೆ ಧೈರ್ಯ ಸಾಲ್ದು. ಅಲ್ಲಿ ಏನಂತಾರೋ ಏನೋ. ನೀವೊಂದಿನ ನನ್ ಜೊತೆ ಬತ್ತೀರಾ?"

ಪೂಜಾರಿ ಕೆಟ್ಟವನಲ್ಲ. ಆದರೆ ಪಟ್ಟಣಕ್ಕೆ ಹೋಗಿ ಬರುವುದೆಂದರೆ ಇಡೀ ದಿನದ ಮಾತು. ಗುಡಿಯ ಬಾಗಿಲು ಹಾಕಬೇಕು. ಹೂ ಕಟ್ಟುವವಳ ಜೊತೆ ಪೂಜಾರಿ ಬಸ್ಸು ಹತ್ತಿದ ಎಂದರೆ ಊರು ಆಡಿಕೊಳ್ಳದೆ ಬಿಟ್ಟೀತೇ? ಆಗುವುದಿಲ್ಲ ಎಂದ. ಅವಳ ಮುಖ ನೋಡಿ ಕರುಳು ಚುರುಕ್ಕೆಂದಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂಥದೊಂದು ಉಪಾಯ ಹೊಳೆಯಿತು. ತಾಯಿಯನ್ನೇ ಕೇಳೋಣ ಬಾ ಎಂದ.

ಅವಳ ಬುಟ್ಟಿಯಿಂದಲೇ ಎರಡು ಹೂ ಆರಿಸಿದ. ಎಡಗಡೆಯದನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಅಂಟಿಸಿದ. ಬಲಗಡೆಯದನ್ನು ಅದ್ದಿದಂತೆ ಮಾಡಿ, ಬೆರಳ ಸಂದಿಯಲ್ಲಿ ಮೆಲ್ಲಗೆ ಕೊಡವಿದ. ನೀರು ಕಡಿಮೆಯಾದ ಹೂ ಎಷ್ಟು ಹೊತ್ತು ನಿಂತೀತು? ಮಂಗಳಾರತಿ ಮುಗಿಯುವುದರೊಳಗೆ ಬಿತ್ತು.

"ತಾಯಿ ಬಲಕ್ಕೆ ಕೊಟ್ಟಿದ್ದಾಳೆ. ಏನೂ ಇಲ್ಲ, ಹೋಗು" ಎಂದ ಪೂಜಾರಿ.

ಅವಳು ಆ ಹೂವನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನಗುತ್ತಾ ಮನೆಗೆ ಹೋದಳು. ಪಟ್ಟಣಕ್ಕೆ ಹೋಗಲಿಲ್ಲ. ಒಂದು ಜೀವಕ್ಕೆ ನೆಮ್ಮದಿ ಕೊಟ್ಟೆನೆಂದು ಪೂಜಾರಿಗೂ ತೃಪ್ತಿಯಾಯಿತು.

ಏಳು ತಿಂಗಳು ಕಳೆದವು. ಹೂವಿನ ಬುಟ್ಟಿ ಗುಡಿಗೆ ಬರುವುದು ದಿನದಿಂದ ದಿನಕ್ಕೆ ತಡವಾಗತೊಡಗಿತು. ಅವಳ ಮುಖ ಬಿಳಿಚಿಕೊಂಡಿತು. ಪೂಜಾರಿ ನೋಡಿದ, ನೋಡದವನಂತೆ ಇದ್ದ. ಕೇಳಿದರೆ ಅವಳು ಏನು ಹೇಳುವಳೋ ಎಂದು ಈಗ ಅವನಿಗೇ ಭಯ. ಒಂದು ಬೆಳಿಗ್ಗೆ ಅವಳು ಗುಡಿಯ ಮೆಟ್ಟಿಲ ಮೇಲೆ ಬುಟ್ಟಿಯ ಸಮೇತ ಬಿದ್ದಳು. ಊರವರು ಗಾಡಿ ಮಾಡಿ ಪಟ್ಟಣಕ್ಕೆ ಒಯ್ದರು.

ಡಾಕ್ಟರು ಅವಳ ಜೀವ ಉಳಿಸಿದರು. ಗಡ್ಡೆ ಕೆಟ್ಟ ಜಾತಿಯದೇನೂ ಆಗಿರಲಿಲ್ಲ. ಅಷ್ಟರ ಮಟ್ಟಿಗೆ ಬಲಗಡೆಯ ಹೂ ಸುಳ್ಳು ಹೇಳಿರಲಿಲ್ಲ. ಆದರೆ ಅದು ಬೆಳೆದಿತ್ತು. ಮೈಯಲ್ಲಿ ರಕ್ತ ಉಳಿದಿರಲಿಲ್ಲ. ಆರು ತಿಂಗಳ ಮೊದಲು ಬಂದಿದ್ದರೆ ಗಡ್ಡೆಯನ್ನಷ್ಟೇ ತೆಗೆಯಬಹುದಿತ್ತು ಎಂದರು. ಈಗ ಗರ್ಭಕೋಶವನ್ನೇ ತೆಗೆಯಬೇಕಾಯಿತು.

ಮೂರು ತಿಂಗಳಾದ ಮೇಲೆ ಅವಳು ಮತ್ತೆ ಬುಟ್ಟಿ ಹೊತ್ತು ಗುಡಿಗೆ ಬಂದಳು. ಪೂಜಾರಿ ಬೈಗುಳಕ್ಕೆ ಕಾದು ನಿಂತ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

"ನೀವು ಹೂ ಕೊಡವಿದ್ದು ಅವತ್ತೇ ನೋಡ್ದೆ ಸ್ವಾಮಿ" ಎಂದಳು. "ಬುದ್ಧಿ ಬಂದಾಗಿಂದ ಹೂವಿಗೆ ನೀರು ಚಿಮುಕ್ಸೋಳು ನಾನು. ಯಾವ್ದು ನಿಲ್ತದೆ ಯಾವ್ದು ಬೀಳ್ತದೆ ಅಂತ ನಂಗೆ ಗೊತ್ತಾಗಲ್ವಾ? ಗೊತ್ತಿದ್ದೂ ನಂಬ್ಕಂಡೆ. ನಂಬ್ಕಂಡ್ರೆ ಹೋಗಾದು ತಪ್ತದಲ್ಲಾ ಅಂತ."

ಬುಟ್ಟಿಯ ಹೂವನ್ನೆಲ್ಲ ಹರಿವಾಣಕ್ಕೆ ಸುರಿದಳು. ಎಂದಿನಂತೆ ದೇವಿಗೆ ಕೈಮುಗಿದು ಹೋದಳು. ಪೂಜಾರಿ ಆ ಹೂವಿಗೆ ಕೈಹಾಕಲು ಹೋದ. ಕೈ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಮೂರನೆಯ ದಿನ ಗುಡಿಯ ಬೀಗದ ಕೈಯನ್ನು ಊರವರಿಗೆ ಒಪ್ಪಿಸಿ ಹೊರಟುಹೋದ.

ಗುರುಗಳ ಕತೆ ಅಲ್ಲಿಗೆ ಮುಗಿಯಿತು.

ಸರ್ವಮಂಗಳಾ ಬಾಳೆಲೆಯ ಮೇಲಿದ್ದ ತನ್ನ ಮಲ್ಲಿಗೆಯ ದಂಡೆಯನ್ನು ನೋಡಿದಳು. ಆಮೇಲೆ ಅದರ ಪಕ್ಕದಲ್ಲಿ ತೊಡೆಯ ಮೇಲಿದ್ದ ಗುರುಗಳ ಕೈಗಳನ್ನು ನೋಡಿದಳು. ಹನ್ನೆರಡು ವರ್ಷ ವ್ರತವೆಂದುಕೊಂಡದ್ದು ಏನೆಂದು ಅವಳಿಗೆ ತಿಳಿಯಿತು. ತುಂಬಾ ದುಃಖವಾಯಿತು. ಹೂ ಕಟ್ಟುವವಳಿಗಾಗಿ ಎಷ್ಟು, ಈ ಮುದುಕರಿಗಾಗಿ ಎಷ್ಟು, ತನಗಾಗಿ ಎಷ್ಟು ಎಂದು ಅವಳಿಂದ ಬೇರ್ಪಡಿಸಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾನು ಕೇಳಿದ್ದೂ ಕೊಡವಿದ ಹೂವನ್ನೇ ಎಂದು ನಾಚಿಕೆಯಾಯಿತು. ಆದರೆ ಭಯ ಮಾತ್ರ ಹಾಗೆಯೇ ಇತ್ತು. ಕತೆ ಕೇಳಿ ಹೋಗುವಂಥ ಭಯ ಅದಾಗಿರಲಿಲ್ಲ.

"ಆ ಮಾತು ಕೇಳಲ್ಲ ಬಿಡಿ" ಎಂದಳು. "ಆದರೆ ಇನ್ನೂ ಆರು ದಿನ ಇದೆ ಗುರುಗಳೇ. ಆಮೇಲೆ ಆ ಬೆಂಚು. ಬರಿಗೈಲಿ ಹೇಗೆ ಹೋಗಲಿ? ನನಗೆ ಅಂತ ನಿಮ್ಮ ಹತ್ತಿರ ಬೇರೆ ಏನೂ ಇಲ್ವಾ?"

ಗುರುಗಳು ಗೋಡೆಗೆ ಒರಗಿಸಿದ್ದ ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ಸಲ ಮೊಣಕಾಲು ಸವರಿಕೊಂಡು ಹೇಳಿದರು:

"ಒಳಗೇನಿದೆಯೋ ನನಗೆ ಗೊತ್ತಿಲ್ಲ ಮಗಳೇ; ಬುಧವಾರ ಎಷ್ಟು ಗಂಟೆಯ ಬಸ್ಸಿಗೆ ಹೊರಡೋಣ?"